ಬಿ.ಎಚ್. ರೋಡಿನ ಟೈರ್ ಲೆಕ್ಕ: ರೀಸೋಲ್‌ನಿಂದ ರೇಡಿಯಲ್‌ವರೆಗೆ

ಡಿಕ್ಕಿಯಲ್ಲಿರೋ ಐದನೇ ಚಕ್ರಕ್ಕೆ ನಾವೆಲ್ಲ ಸ್ಟೆಪ್ನಿ ಅಂತೀವಲ್ಲ, ಅದು ಒಂದು ಬೀದಿಯ ಹೆಸರು. ವೇಲ್ಸ್‌ನ ಲನೆಲ್ಲಿ ಅನ್ನೋ ಊರಿನ ಸ್ಟೆಪ್ನಿ ಸ್ಟ್ರೀಟ್. ಆಗಿನ ಕಾರುಗಳಿಗೆ ಬದಲಿ ಚಕ್ರವೇ ಇರಲಿಲ್ಲ. ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಬಿಗಿಯೋ ಒಂದು ಚಕ್ರವನ್ನ 1904ರಲ್ಲಿ ಅಲ್ಲಿನ ಡೇವೀಸ್ ಸಹೋದರರು ಮಾಡಿದ್ರು. ಬ್ರಿಟನ್ನಿನಲ್ಲಿ ಆ ಪದ ಹೆಚ್ಚುಕಮ್ಮಿ ಮರೆತೇಹೋಗಿದೆ. ಶಿವಮೊಗ್ಗದ ಪಂಕ್ಚರ್ ಅಂಗಡಿಗಳಲ್ಲಿ ದಿನಾ ಕೇಳುತ್ತೆ.

ಟೈರ್ ವಿಷಯದಲ್ಲಿ ಹಳೇ ಕಾಲದಿಂದ ಉಳಿದಿರೋದು ಪದ ಮಾತ್ರ ಅಲ್ಲ, ಲೆಕ್ಕಾನೂ ಹೌದು. ನಾನಿರೋ ಗೋಪಾಳದಲ್ಲಿ ಪಕ್ಕದ ಮನೆ ಅಣ್ಣ ಬೆಂಗಳೂರಿಗೆ ಟ್ಯಾಕ್ಸಿ ಓಡಿಸ್ತಾರೆ. ಮೊನ್ನೆ ಹೇಳ್ತಿದ್ರು, "ಎರಡು ಸೆಕೆಂಡ್ ಹ್ಯಾಂಡ್ ಹಾಕಿಸಿದ್ರೆ ಈ ವರ್ಷ ನಡೆಯುತ್ತೆ ಮಾರಾಯ." ಈ 'ನಡೆಯುತ್ತೆ' ಅನ್ನೋದು ಎಲ್ಲಿಂದ ಬಂತು ಅಂತ ಹುಡುಕಿದ್ರೆ ಬಿ.ಎಚ್. ರೋಡಿಗೆ ಬರಬೇಕು. ಬೆಂಗಳೂರು–ಹೊನ್ನಾವರ ರೋಡ್. ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ದಾಟಿ ತುಮಕೂರು. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಯ ಲಾರಿಗಳು ಓಡಾಡಿದ ದಾರಿ. ರಸ್ತೆ ಸಣ್ಣದು, ವೇಗ ಕಮ್ಮಿ, ಲೋಡು ಜಾಸ್ತಿ.

ಆ ರಸ್ತೆಯಲ್ಲಿ ಉಳಿತಾಯ ಅಂದ್ರೆ ರೀಸೋಲ್. ಸವೆದ ಮೇಲ್ಪದರ ಉಜ್ಜಿ ತೆಗೆದು, ಹೊಸ ರಬ್ಬರ್ ಪಟ್ಟಿ ಅಂಟಿಸಿ ಬೇಯಿಸೋದು. ಇದನ್ನ ಬಡವರ ಉಪಾಯ ಅಂತ ನಗಬೇಡಿ. 1942ರಲ್ಲಿ ಜಪಾನ್ ಮಲಯಾವನ್ನ ಹಿಡಿದಾಗ ಮಿತ್ರರಾಷ್ಟ್ರಗಳಿಗೆ ರಬ್ಬರೇ ಸಿಗದೆ ಹಳೇ ಟೈರ್ ಚಿನ್ನದಂತಾಗಿತ್ತು. ಕ್ರಿಕೆಟ್ ಬ್ಯಾಟಿನ ಮೇಲೆ ನೀವು ನೋಡೋ ಎಂಆರ್‌ಎಫ್ 1946ರಲ್ಲಿ ಮದ್ರಾಸಿನಲ್ಲಿ ಆಟಿಕೆ ಬಲೂನ್ ಮಾಡ್ತಿತ್ತು. 1952ರಲ್ಲಿ ಅದು ಕೈಹಾಕಿದ್ದು ಟೈರಿಗಲ್ಲ, ರೀಸೋಲ್ ಮಾಡೋ ರಬ್ಬರಿಗೆ. ಮಾರುಕಟ್ಟೆ ಅಲ್ಲಿತ್ತು! ನಮ್ಮಲ್ಲೂ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ವಿಕ್ರಾಂತ್ ಟೈರ್ಸ್ ಬಂತು. 1997ರಲ್ಲಿ ಅದು ಜೆಕೆ ಟೈರ್ ಪಾಲಾಯಿತು.

ಲೆಕ್ಕ ತಲೆಕೆಳಗಾಗಿದ್ದು ರೇಡಿಯಲ್‌ನಿಂದ. ಹಳೇ ಟೈರಿನೊಳಗೆ ನೂಲಿನ ಪದರಗಳು ಒಂದಕ್ಕೊಂದು ಅಡ್ಡಡ್ಡ. ಚಕ್ರ ತಿರುಗಿದಾಗಲೆಲ್ಲ ಅವು ತಿಕ್ಕಾಡಿ ಬಿಸಿಯಾಗ್ತವೆ. 1946ರಲ್ಲಿ ಫ್ರಾನ್ಸಿನ ಮಿಶೆಲಿನ್ ಪೇಟೆಂಟ್ ಪಡೆದ ವಿನ್ಯಾಸದಲ್ಲಿ ನೂಲು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ, ಮೇಲೆ ಉಕ್ಕಿನ ಬೆಲ್ಟು. ಬಿಸಿ ಕಮ್ಮಿ, ಸವೆತ ಕಮ್ಮಿ, ಪೆಟ್ರೋಲೂ ಸ್ವಲ್ಪ ಉಳಿಯುತ್ತೆ. ಭಾರತದಲ್ಲಿ ಜೆಕೆ ಇದನ್ನ ತಂದಿದ್ದು 1977ರಲ್ಲಿ. ಆದ್ರೂ ಜನ ಬೇಗ ಒಪ್ಪಲಿಲ್ಲ. ಬೆಲೆ ಜಾಸ್ತಿ, ಗುಂಡಿಗೆ ಬಿದ್ರೆ ಪಕ್ಕದ ಗೋಡೆ ಹರಿಯುತ್ತೆ. ಜೊತೆಗೆ ಸರಿಯಾಗಿ ಗಾಳಿ ಇದ್ರೂ ಹೊಟ್ಟೆ ಬಿಟ್ಕೊಂಡ ಹಾಗೆ ಕಾಣುತ್ತೆ.

ಈಗಿನ ಲೆಕ್ಕ ಹೀಗೆ ಹಾಕಿ. ಉದಾಹರಣೆಗೆ, 4,000 ರೂಪಾಯಿ ಟೈರ್ 30,000 ಕಿ.ಮೀ. ಬಂದ್ರೆ ಕಿಲೋಮೀಟರಿಗೆ 13 ಪೈಸೆ. 5,500ರದ್ದು 50,000 ಬಂದ್ರೆ 11 ಪೈಸೆ. ತಿಂಗಳಿಗೆ ಸಾವಿರಾರು ಕಿಲೋಮೀಟರ್ ಓಡೋರಿಗೆ ಎರಡನೇದೇ ಅಗ್ಗ. ಊರೊಳಗೇ ಓಡಾಡೋರಿಗೆ ಈ ಲೆಕ್ಕ ಅಷ್ಟಾಗಿ ಬೇಡ, ಕಿಲೋಮೀಟರ್ ಮುಗಿಯೋ ಮೊದಲೇ ರಬ್ಬರಿಗೆ ವಯಸ್ಸಾಗಿರುತ್ತೆ.

ನನಗೆ ಭಯ ಹುಟ್ಟಿಸೋದು ಬೇರೆ. ನಾಲ್ಕು ಪಥದ ಹೈವೇಲಿ ನೂರರ ಹತ್ತಿರ ಎರಡು ಗಂಟೆ ಬಿಡದೆ ಓಡಿದ್ರೆ ಟೈರಿಗೆ ಆರೋಕೆ ಸಮಯವೇ ಇಲ್ಲ. ಗಾಳಿ ಕಮ್ಮಿ ಇದ್ರೆ ಪಕ್ಕದ ಗೋಡೆ ಮಡಚಿ ಮಡಚಿ ಇನ್ನೂ ಕಾಯುತ್ತೆ, ಕೊನೆಗೆ ಒಡೆಯುತ್ತೆ. ಹಳೇ ಬಿ.ಎಚ್. ರೋಡ್ ಕ್ಷಮಿಸ್ತಿದ್ದ ಸೆಕೆಂಡ್ ಹ್ಯಾಂಡ್ ಟೈರನ್ನ ಈ ವೇಗ ಕ್ಷಮಿಸಲ್ಲ. ಅದರ ಒಳಗಿನ ಏಟು ಹೊರಗೆ ಕಾಣೋದೂ ಇಲ್ಲ.

ಅಂಗಡಿಗೆ ಹೋದಾಗ ಡಿಒಟಿ ಅಂತ ಬರೆದಿರೋ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದ್ರೆ 2019ರ 23ನೇ ವಾರ. ರಿಯಾಯಿತಿ ಜೋರಾಗಿದ್ರೆ ಇದನ್ನ ಮೊದಲು ನೋಡಿ. 82ಟಿ ಅಂತಿದ್ರೆ 475 ಕೆ.ಜಿ. ಭಾರ, 190 ಕಿ.ಮೀ. ವೇಗದ ಮಿತಿ, ನಿಮ್ಮ ಕಾರಿನ ಪುಸ್ತಕದಲ್ಲಿರೋದಕ್ಕಿಂತ ಕೆಳಗಿಳಿಬೇಡಿ. ಗ್ರೂವ್ ಒಳಗಿನ ಸಣ್ಣ ದಿಣ್ಣೆಗೆ ರಬ್ಬರ್ ಸಮ ಆದ್ರೆ ಉಳಿದಿರೋದು 1.6 ಮಿ.ಮೀ., ಅಲ್ಲಿಗೆ ಮುಗೀತು. 2020ರ ಜೂನ್‌ನಿಂದ ಹೊಸ ಟೈರ್ ಆಮದಿಗೆ ಕೇಂದ್ರ ಸರ್ಕಾರ ನಿರ್ಬಂಧ ಹಾಕಿದೆ. ಹಾಗಾಗಿ ಅಗ್ಗದ ಆಯ್ಕೆ ಅಂದ್ರೆ ಹೆಚ್ಚಾಗಿ ಇಲ್ಲಿನ ಕಂಪನಿಗಳ ಕೆಳಗಿನ ಶ್ರೇಣಿ. ಅದೇನೂ ಕೆಟ್ಟದ್ದಲ್ಲ.

ದುಡ್ಡು ಎರಡಕ್ಕೇ ಸಾಲೋದಾದ್ರೆ ಹೊಸ ಎರಡನ್ನ ಹಿಂದಕ್ಕೆ ಹಾಕಿಸಿ, ಹಿಂದಿನ ಒಳ್ಳೇವು ಮುಂದೆ ಬರಲಿ. ಅಂಗಡಿಯವರು ಮುಂದಕ್ಕೇ ಹಾಕೋಕೆ ನೋಡ್ತಾರೆ. ಆದ್ರೆ ಮಳೇಲಿ ಮುಂದಿನ ಚಕ್ರ ಜಾರಿದ್ರೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತೆ, ವೇಗ ಇಳಿಸಬಹುದು. ಹಿಂದಿನದು ಜಾರಿದ್ರೆ ಕಾರು ಗಿರ್ರಂತ ತಿರುಗಿಬಿಡುತ್ತೆ.