ಅವ್ವನ ಹಿತ್ತಲು

ನಾನು ಓದಿದ್ದು ಏಳನೇ ತರಗತಿ. ಚರಿತ್ರೆ ಅಂದರೆ ಆದೋನಿ ಕೋಟೆ, 1786ರಲ್ಲಿ ಅದನ್ನು ಟಿಪ್ಪು ಗೆದ್ದದ್ದು, ಇಷ್ಟೇ ಅಂದುಕೊಂಡಿದ್ದೆ. ನಮ್ಮವ್ವನ ಹಿತ್ತಲಿಗೂ ಚರಿತ್ರೆ ಐತೆ ಅನ್ನೋದು ತಲೆ ಬೆಳ್ಳಗಾದ ಮೇಲೆ ತಿಳೀತು.

ಅವ್ವ ಹುಟ್ಟಿದಾಗ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯೊಳಗಿದ್ದವು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಯಿತು. ಬಳ್ಳಾರಿ ಮೈಸೂರಿಗೆ ಹೋಯಿತು, ನಾವು ಕರ್ನೂಲು ಜಿಲ್ಲೆಗೆ ಬಂದೆವು. ಅವ್ವ ಮಾತ್ರ ಕೂತ ಜಾಗ ಬಿಟ್ಟು ಏಳಲಿಲ್ಲ. ಸಂತೆಯಲ್ಲಿ ಗೋಂಗೂರ ಅಂದದ್ದು ಹಿತ್ತಲಲ್ಲಿ ಪುಂಡಿಪಲ್ಯ, ಅಲ್ಲಿ ವಂಕಾಯ ಅಂದದ್ದು ಇಲ್ಲಿ ಮುಳಗಾಯಿ. ಗಡಿ ನಮ್ಮ ಹಿತ್ತಲ ಬೇಲಿ ದಾಟಿ ಒಳಗೆ ಬರಲಿಲ್ಲ.

ಹಿಂದೆ 1876ರಿಂದ 78ರ ತನಕ ಧಾತು ಬರ ಬಿದ್ದಾಗ ಬಳ್ಳಾರಿ, ಕರ್ನೂಲು ಸೀಮೆಯ ಜನ ಬಹಳ ಸತ್ತರು. ಬರಗಾಲದ ಕೆಲಸಕ್ಕೆ ಹೋದ ಗಂಡಾಳಿಗೆ ಸರ್ಕಾರ ದಿನಕ್ಕೆ ಒಂದು ಪೌಂಡು ಕಾಳು, ಒಂದಾಣೆ ಅಂತ ಗೊತ್ತುಮಾಡಿತು. ಒಂದು ಪೌಂಡು ಅಂದರೆ ಅರ್ಧ ಕಿಲೋಗೂ ಕಮ್ಮಿ. ಆಗ ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಇದು ಸಾಲದು, ಕಾಳು ಹೆಚ್ಚಿಸಬೇಕು, ಕಾಯಿಪಲ್ಯವೂ ಬೇಕು ಎಂದು ವಾದ ಮಾಡಿದರು. ರೊಟ್ಟಿ ಜೊತೆ ಪಲ್ಯ ಶೋಕಿಯಲ್ಲ, ಜೀವ ಹಿಡಿಯೋ ವಸ್ತು.

ನಮ್ಮ ಬ್ಯಾಸಗಿ 40 ಡಿಗ್ರಿ ದಾಟುತ್ತದೆ. ಅವ್ವ ಮಡಿಯನ್ನು ನೆಲಕ್ಕಿಂತ ಗೇಣು ತಗ್ಗಿಗೆ ಮಾಡುತ್ತಿದ್ದಳು, ನೀರು ಅಲ್ಲೇ ನಿಲ್ಲಲಿ ಅಂತ. ಪಡುವಣ ಬಿಸಿಲಿಗೆ ತೊಗರಿ ಕಟ್ಟಿಗೆಯ ತಟ್ಟಿ, ಬುಡಕ್ಕೆ ಒಣ ಸೊಪ್ಪು, ಹೊತ್ತು ಹುಟ್ಟೋಕೆ ಮುಂಚೆ ಬಚ್ಚಲ ನೀರು. ಅಮೇರಿಕಾ ಖಂಡದಿಂದ ಬಂದ ಟೊಮ್ಯಾಟೊ ಕಡುಬಿಸಿಲಿಗೆ ಹೂ ಉದುರಿಸುತ್ತದೆ. ಪುಂಡಿ, ಚವಳಿಕಾಯಿ ತಡೆದು ನಿಲ್ಲುತ್ತವೆ. ಹೀರೇಬಳ್ಳಿ ಮಣ್ಣಿನ ಮಾಳಿಗೆ ಮೇಲೆ ಹಬ್ಬುತ್ತಿತ್ತು. ಬಲಿತ ಕಾಯೊಂದು ಬೀಜಕ್ಕೆ ಅಂತ ಜಂತಿಗೆ ತೂಗುತ್ತಿತ್ತು.

ತಪ್ಪು ಮಾಡಿದವನು ನಾನೇ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆಗೆ ಬೀಗ ಹಾಕಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋದೆವು. ಇಂದಿಗೂ ನಮ್ಮ ಕಡೆ ಎಷ್ಟೋ ಮನೆಯವರು ಹೋಗುತ್ತಾರೆ. ಬಂದು ನೋಡಿದರೆ ಹಿತ್ತಲು ಒಣಗಿತ್ತು. ಆ ದುಡ್ಡಿಗೆ ಮಾಳಿಗೆ ಕೆಡವಿ ಆರ್‌ಸಿಸಿ ಹಾಕಿಸಿದೆ, ಹಿತ್ತಲಿಗೆ ಸಿಮೆಂಟು ಬಳಿಸಿದೆ. ಜಂತಿಯಲ್ಲಿದ್ದ ಹೀರೇಕಾಯಿ ಹಳೇ ಮಣ್ಣಿನ ಜೊತೆ ತಿಪ್ಪೆಗೆ ಹೋಯ್ತು. ಅವ್ವ ಬೈಯಲಿಲ್ಲ. ಒಂದು ದಿನ ಬಚ್ಚಲ ನೀರಿನ ಕೊಡ ಎತ್ತಿಕೊಂಡು ಸಿಮೆಂಟಿನ ಮೇಲೆ ಸುಮ್ಮನೆ ನಿಂತಿದ್ದಳು. ಆ ನೀರು ಎಲ್ಲಿ ಸುರಿಯಬೇಕೋ ಅವಳಿಗೆ ತಿಳಿಯಲಿಲ್ಲ.

ಅವ್ವ ಹೋದ ಮೇಲೆ ಆಲೂರು ಕಡೆ ಅಕ್ಕನ ಮನೆಗೆ ಹೋಗಿದ್ದೆ. ಅದೇ ಹೀರೇಬಳ್ಳಿ! ಕೇಳಿದರೆ, "ನೀನೇನು ಕೊಟ್ಟೀ ತಮ್ಮಾ? ಅವ್ವ ಉಡಿಯಾಗ ಹಾಕಿ ಕಳಿಸಿದ್ಲು" ಅಂದಳು. ಹತ್ತು ಬೀಜ ಬೇಡಿ ತಂದೆ. ಹಾರೆ ಹಿಡಿದು ಎರಡು ಮೊಳ ಸಿಮೆಂಟು ಒಡೆದೆ.

ಭಜನೆಯಲ್ಲಿ ಒಂದು ಪದ ಮರೆತರೆ ಪಕ್ಕದವನು ಎತ್ತಿಕೊಡುತ್ತಾನೆ. ಬೀಜವೂ ಹಂಗೇ, ನಾಲ್ಕು ಮನೆಯಲ್ಲಿದ್ದರೆ ಉಳಿಯುತ್ತದೆ. ಈ ಸಲ ಕಾಯಿ ಬಲಿತ ಮೇಲೆ ಬೀಜ ತಂದು ಈ ವಾಚನಾಲಯದಲ್ಲೇ ಇಡುತ್ತೇನೆ. ಮೇಷ್ಟ್ರೇ, ಮಕ್ಕಳ ಕೈಲಿ ಒಂದೊಂದು ಬೀಜ ಕೊಟ್ಟು ಕಳಿಸಿರಿ. ಅದರ ಹೆಸರನ್ನೂ ಕನ್ನಡದಲ್ಲಿ ಹೇಳಿ ಕಳಿಸಿರಿ.