ಮಕ್ಕಳ ನಡುವಿನ ನ್ಯಾಯ ಮತ್ತು ವಿದ್ಯೆಯ ವೆಚ್ಚ: ಇತಿಹಾಸದ ಬೆಳಕಿನಲ್ಲಿ

ಪಿಯುಸಿ ಫಲಿತಾಂಶ ಪ್ರಕಟವಾದ ದಿನದಿಂದ ಕಾಲೇಜುಗಳ ಬಾಗಿಲು ತೆರೆಯುವವರೆಗಿನ ಅವಧಿಯು ನಮ್ಮ ಮನೆಗಳಲ್ಲಿ ಲೆಕ್ಕಾಚಾರದ ಕಾಲವಾಗಿರುತ್ತದೆ. ಸೀಟು ದೊರೆತ ಸಂತೋಷವು ಶುಲ್ಕದ ಪಟ್ಟಿಯನ್ನು ಕಂಡೊಡನೆ ಚಿಂತೆಯಾಗಿ ಮಾರ್ಪಡುತ್ತದೆ. ಹತ್ತನೆಯ ತರಗತಿಗೇ ಓದು ನಿಲ್ಲಿಸಿ ಗಲ್ಫಿಗೆ ಹೋದ ಹಿರಿಯ ಮಗನ ದುಡಿಮೆಯು ಕಿರಿಯನ ಇಂಜಿನಿಯರಿಂಗ್ ಶುಲ್ಕವಾಗಿ ಕರಗುತ್ತದೆ. ಅಣ್ಣತಮ್ಮಂದಿರಿಗಿಂತ ಹೆಚ್ಚು ಅಂಕ ಗಳಿಸಿದ ಮಗಳಿಗೆ ‘ನಿನ್ನ ಮದುವೆಗೆ ಖರ್ಚಿದೆಯಲ್ಲಾ’ ಎಂಬ ಉತ್ತರ ಸಿಗುತ್ತದೆ. ಆಗ ಯಾರೂ ಮಾತನಾಡುವುದಿಲ್ಲ. ಆದರೆ ತಂದೆ ತೀರಿಕೊಂಡು ಆಸ್ತಿ ಭಾಗವಾಗುವ ದಿನ ಆ ಮೌನವೆಲ್ಲಾ ಮಾತಾಗುತ್ತದೆ: “ಅವನ ಓದಿಗೆ ಲಕ್ಷಗಟ್ಟಲೆ ಸುರಿದಿರಿ, ನನಗೇನು ಕೊಟ್ಟಿರಿ?” ಈ ಪ್ರಶ್ನೆಯು ಉಲಮಾಗಳ ಬಳಿಗೆ ಬರುವ ಹೊತ್ತಿಗೆ ಸಂಬಂಧಗಳು ಕಡಿದು ಹೋಗಿರುತ್ತವೆ.

ಇದು ಇಂದು ಹುಟ್ಟಿದ ಸಮಸ್ಯೆಯಲ್ಲ. ವಿದ್ಯೆಗೆ ಎಲ್ಲ ಕಾಲದಲ್ಲೂ ಬೆಲೆಯಿತ್ತು. ಆ ಬೆಲೆಯನ್ನು ತೆತ್ತವರು ಯಾರು, ಹೇಗೆ ತೆತ್ತರು ಎಂಬುದನ್ನು ನಮ್ಮ ಇತಿಹಾಸದಲ್ಲಿ ನೋಡಿದರೆ ಇಂದಿನ ಗೊಂದಲಕ್ಕೂ ದಾರಿ ಕಾಣುತ್ತದೆ.

ಮದೀನಾದ ಅನ್ಸಾರಿ ಸಹಾಬಿ ಹಝ್ರತ್ ಬಶೀರ್ ಬಿನ್ ಸಅದ್(ರ) ತಮ್ಮ ಮಗ ನುಅ್‌ಮಾನ್‌ರಿಗೆ(ರ) ಒಬ್ಬ ಗುಲಾಮನನ್ನು ಉಡುಗೊರೆಯಾಗಿ ಕೊಟ್ಟರು. ಆ ಮಗುವಿನ ತಾಯಿ ಹಝ್ರತ್ ಅಮ್ರಾ ಬಿಂತ್ ರವಾಹಾ(ರ) ಪ್ರವಾದಿವರ್ಯರು(ಸ) ಇದಕ್ಕೆ ಸಾಕ್ಷಿಯಾಗಬೇಕೆಂದು ಹೇಳಿದರು. ಬಶೀರ್(ರ) ಹೋಗಿ ವಿಷಯ ತಿಳಿಸಿದಾಗ ಪ್ರವಾದಿವರ್ಯರು(ಸ) ಮೊದಲು ಕೇಳಿದ್ದು, ಉಳಿದ ಮಕ್ಕಳಿಗೂ ಇದೇ ರೀತಿ ಕೊಟ್ಟಿದ್ದೀರಾ ಎಂದು. ಇಲ್ಲವೆಂಬ ಉತ್ತರ ಬಂದಾಗ, ಅಲ್ಲಾಹನನ್ನು ಭಯಪಡುವಂತೆಯೂ ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆಯೂ ಆಜ್ಞಾಪಿಸಿದರು. ಮಕ್ಕಳೆಲ್ಲರೂ ನಿಮ್ಮೊಂದಿಗೆ ಸಮಾನವಾಗಿ ಒಳಿತಿನಿಂದ ವರ್ತಿಸಬೇಕೆಂದು ನೀವು ಬಯಸುವುದಿಲ್ಲವೇ ಎಂದೂ ಕೇಳಿದರೆಂದು ವರದಿಯಿದೆ. ಬಶೀರ್(ರ) ಆ ಉಡುಗೊರೆಯನ್ನು ಹಿಂಪಡೆದರು.

ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಘಟನೆಯನ್ನು ನಮಗೆ ತಲುಪಿಸಿದವರು ಬೇರಾರೂ ಅಲ್ಲ, ಉಡುಗೊರೆಯನ್ನು ಕಳೆದುಕೊಂಡ ಅದೇ ನುಅ್‌ಮಾನ್(ರ). ಅವರು ಇದನ್ನು ಮಿಂಬರಿನ ಮೇಲೆ ನಿಂತು ಜನರಿಗೆ ಹೇಳುತ್ತಿದ್ದರು. ತನ್ನ ಕೈಯಿಂದ ಹೋದ ವಸ್ತುವಿನ ಬಗ್ಗೆ ಅವರಿಗೆ ಕೊರಗಿರಲಿಲ್ಲ. ಅದರಿಂದ ದೊರೆತ ನ್ಯಾಯದ ಪಾಠವನ್ನೇ ಅವರು ದೊಡ್ಡದೆಂದು ಭಾವಿಸಿದ್ದರು.

ಇನ್ನು ದುಡಿಯುವ ಸೋದರ ಮತ್ತು ಕಲಿಯುವ ಸೋದರನ ಪ್ರಶ್ನೆ. ಪ್ರವಾದಿವರ್ಯರ(ಸ) ಕಾಲದಲ್ಲಿ ಇಬ್ಬರು ಸೋದರರಿದ್ದರು. ಒಬ್ಬನು ಪ್ರವಾದಿವರ್ಯರ(ಸ) ಸನ್ನಿಧಿಯಲ್ಲಿ ಕುಳಿತು ಕಲಿಯುತ್ತಿದ್ದನು, ಮತ್ತೊಬ್ಬನು ದುಡಿಯುತ್ತಿದ್ದನು. ದುಡಿಯುವವನು ಬಂದು ತನ್ನ ಸೋದರನ ಬಗ್ಗೆ ದೂರಿದಾಗ, ಬಹುಶಃ ನಿನಗೆ ಅನ್ನ ದೊರೆಯುತ್ತಿರುವುದು ಅವನ ಕಾರಣದಿಂದಲೇ ಇರಬಹುದು ಎಂದು ಪ್ರವಾದಿವರ್ಯರು(ಸ) ಸಮಾಧಾನ ಹೇಳಿದರು. ಹಝ್ರತ್ ಅನಸ್(ರ) ವರದಿ ಮಾಡಿದ ಈ ಹದೀಸ್ ತಿರ್ಮಿದಿಯಲ್ಲಿದೆ. ಗಮನಿಸಬೇಕಾದ ಅಂಶವೆಂದರೆ, ದೂರು ತಂದವನನ್ನು ಗದರಿಸಲಾಗಲಿಲ್ಲ. ಅವನ ದುಡಿಮೆಗೆ ಒಂದು ಅರ್ಥವನ್ನು ಕಾಣಿಸಿಕೊಡಲಾಯಿತು. ನಮ್ಮ ಮನೆಗಳಲ್ಲಾದರೋ ದುಡಿಯುವ ಮಗನ ತ್ಯಾಗವನ್ನು ಅವನ ಕರ್ತವ್ಯವೆಂದು ಮುಗಿಸಿಬಿಡುತ್ತೇವೆ. ಅವನಿಗೊಂದು ಕೃತಜ್ಞತೆಯ ಮಾತನ್ನೂ ಹೇಳುವುದಿಲ್ಲ.

ಮಕ್ಕಳ ವಿದ್ಯೆಗಾಗಿ ಕಷ್ಟಪಟ್ಟ ಹೆತ್ತವರ ವೃತ್ತಾಂತಗಳು ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಹೇರಳವಾಗಿವೆ. ಕೂಫಾದ ಇಮಾಮ್ ಸುಫ್‌ಯಾನ್ ಸೌರಿಯವರ(ರಹ್) ತಾಯಿ ಮಗನಿಗೆ, ನೀನು ವಿದ್ಯೆಯನ್ನು ಅರಸು, ನನ್ನ ನೂಲಿನ ದುಡಿಮೆಯಿಂದ ನಿನ್ನನ್ನು ಸಾಕುತ್ತೇನೆ ಎಂದು ಧೈರ್ಯ ತುಂಬಿದ್ದರು. ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತು ಹದೀಸ್‌ಗಳನ್ನು ಕಲಿತ ಮೇಲೆ ನಿನ್ನ ನಡೆಯಲ್ಲಿ, ಸಹನೆಯಲ್ಲಿ, ಗಾಂಭೀರ್ಯದಲ್ಲಿ ಹೆಚ್ಚಳ ಕಾಣದಿದ್ದರೆ ಆ ವಿದ್ಯೆಯಿಂದ ನಿನಗೆ ಪ್ರಯೋಜನವಾಗಿಲ್ಲವೆಂದು ತಿಳಿ ಎಂದೂ ಎಚ್ಚರಿಸಿದ್ದರು. ಖರ್ಚು ಮಾಡಿದ ಆ ತಾಯಿ ಮರಳಿ ಕೇಳಿದ್ದು ಸಂಬಳವನ್ನಲ್ಲ, ನಡತೆಯನ್ನು.

ಹಿ.ಶ. 150ರಲ್ಲಿ ಜನಿಸಿದ ಇಮಾಮ್ ಶಾಫಿಈ(ರಹ್) ತಂದೆಯಿಲ್ಲದ ಮಗು. ಮಕ್ಕಾದಲ್ಲಿ ಗುರುಗಳಿಗೆ ಕೊಡಲು ತಾಯಿಯ ಬಳಿ ಹಣವಿರಲಿಲ್ಲ. ಗುರುಗಳು ಇಲ್ಲದಿರುವಾಗ ಉಳಿದ ಹುಡುಗರನ್ನು ನೋಡಿಕೊಳ್ಳುವ ಕೆಲಸವನ್ನೇ ಶುಲ್ಕವೆಂದು ಒಪ್ಪಿ ಅವರಿಗೆ ಕಲಿಸಲಾಯಿತು. ಬರೆಯಲು ಕಾಗದವಿಲ್ಲದೆ ಅವರು ಎಲುಬುಗಳ ಮೇಲೆ ಬರೆದಿಡುತ್ತಿದ್ದರು. ಮನೆಯ ಬಡತನವನ್ನು ಅರಿತ ಮಗ ತಾನೂ ಹೆಗಲು ಕೊಟ್ಟದ್ದನ್ನು ಇಲ್ಲಿ ಕಾಣುತ್ತೇವೆ. ವೆಚ್ಚದ ಭಾರವನ್ನು ಮಕ್ಕಳಿಂದ ಮುಚ್ಚಿಟ್ಟು ಸಾಲದಲ್ಲಿ ಮುಳುಗುವ ಹೆತ್ತವರು ಈ ಪ್ರಸಂಗವನ್ನು ಮನನ ಮಾಡಬೇಕು.

ಇಬ್ಬರು ಮಕ್ಕಳ ನಡುವೆ ನ್ಯಾಯದ ಅತ್ಯುತ್ತಮ ನಿದರ್ಶನವು ತೂಸ್ ಪಟ್ಟಣದಲ್ಲಿ ದೊರೆಯುತ್ತದೆ. ಇಮಾಮ್ ಗಝಾಲಿಯವರ(ರಹ್) ತಂದೆ ಉಣ್ಣೆ ನೂತು ಮಾರುತ್ತಿದ್ದ ಬಡವರು. ತಾನು ಬರಹ ಕಲಿಯಲಿಲ್ಲವೆಂಬ ನೋವು ಅವರನ್ನು ಕೊನೆಯವರೆಗೂ ಕಾಡಿತ್ತು. ಮರಣ ಸಮೀಪಿಸಿದಾಗ ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಪುತ್ರರನ್ನೂ ಒಬ್ಬ ಸೂಫಿ ಮಿತ್ರರ ಕೈಗೊಪ್ಪಿಸಿ, ತಾನು ಬಿಟ್ಟುಹೋಗುವ ಹಣವೆಲ್ಲಾ ಇವರ ವಿದ್ಯೆಗೆ ಖರ್ಚಾದರೂ ಚಿಂತೆಯಿಲ್ಲವೆಂದು ವಸೀಯತ್ ಮಾಡಿದರು. ಒಬ್ಬನು ಚುರುಕು, ಅವನು ಓದಲಿ; ಮತ್ತೊಬ್ಬನು ಉಣ್ಣೆಯ ಕಸುಬು ನೋಡಿಕೊಳ್ಳಲಿ ಎಂದು ಅವರು ವಿಂಗಡಿಸಲಿಲ್ಲ. ಹಣ ಮುಗಿದಾಗ ಆ ಮಿತ್ರರು ಮುಚ್ಚುಮರೆಯಿಲ್ಲದೆ ವಿಷಯ ತಿಳಿಸಿ, ಊಟ ವಸತಿ ದೊರೆಯುವ ಮದ್ರಸಾವನ್ನು ಸೇರುವಂತೆ ಇಬ್ಬರಿಗೂ ಸೂಚಿಸಿದರು. ಮುಂದೆ ಮುಹಮ್ಮದ್ ಗಝಾಲಿ ಜಗತ್ತೇ ಅರಿತ ಇಮಾಮರಾದರು. ಅಹ್ಮದ್ ಗಝಾಲಿ ಪ್ರಖ್ಯಾತ ಉಪದೇಶಕರಾದರು. ಅಣ್ಣನು ಬಗ್ದಾದಿನ ನಿಝಾಮಿಯ್ಯಾವನ್ನು ತ್ಯಜಿಸಿದಾಗ ಆತನ ಸ್ಥಾನದಲ್ಲಿ ಪಾಠ ಮಾಡಿದವರೂ ಅವರೇ.

ಹಾಗಾದರೆ ಹೆಣ್ಣು ಮಕ್ಕಳು? ಸ್ಪೇನಿನ ವಲೆನ್ಸಿಯಾದವರಾದ ಸಅದುಲ್ ಖೈರ್(ರಹ್) ವ್ಯಾಪಾರಕ್ಕಾಗಿ ಚೀನಾದವರೆಗೂ ಹೋಗಿಬಂದ ವಿದ್ವಾಂಸರು. ಹಿ.ಶ. 541ರಲ್ಲಿ ನಿಧನರಾದರು. ತಮ್ಮ ಪುತ್ರಿಯರನ್ನು ಹದೀಸ್ ತರಗತಿಗಳಿಗೆ ಕರೆದೊಯ್ಯುವುದರಲ್ಲಿ ಅವರು ವಿಶೇಷ ಆಸ್ಥೆ ವಹಿಸಿದ್ದರು. ಪುತ್ರಿ ಫಾತಿಮಾ(ರಹ್) ಇಸ್ಫಹಾನಿನಲ್ಲಿ ಫಾತಿಮಾ ಜೂಝ್‌ದಾನಿಯ್ಯಾ(ರಹ್) ಎಂಬ ಮಹಿಳಾ ಗುರುವಿನಿಂದ ಇಮಾಮ್ ತಬರಾನಿಯವರ ಬೃಹತ್ ಹದೀಸ್ ಸಂಗ್ರಹವನ್ನು ಆಲಿಸಿದರು. ಬಗ್ದಾದಿನಲ್ಲೂ ಕಲಿತರು. ಕೊನೆಗೆ ಕೈರೋದಲ್ಲಿ ಬೋಧಿಸುತ್ತಾ ಹಿ.ಶ. 600ರಲ್ಲಿ ಇಹಲೋಕ ತ್ಯಜಿಸಿದರು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಒಬ್ಬ ತಂದೆ ಮಗಳ ವಿದ್ಯೆಗಾಗಿ ದೇಶಾಂತರ ಪ್ರಯಾಣದ ವೆಚ್ಚ ಭರಿಸಿದ್ದರು. ನಾವು ಪಕ್ಕದ ಪಟ್ಟಣದ ಬಸ್ ಪಾಸಿಗೆ ಹಿಂದೆಮುಂದೆ ನೋಡುತ್ತೇವೆ.

ಭಾರವೆಲ್ಲವೂ ಹೆತ್ತವರ ಮೇಲೆಯೇ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಬಡ ವಿದ್ಯಾರ್ಥಿಯಾಗಿದ್ದ ಅಬೂ ಯೂಸುಫ್‌ರನ್ನು(ರಹ್) ಸಂಪಾದನೆಗೆ ಹಚ್ಚಲು ಮನೆಯವರು ಪಾಠದಿಂದ ಬಿಡಿಸಿದಾಗ ಗುರುಗಳಾದ ಇಮಾಮ್ ಅಬೂ ಹನೀಫಾ(ರಹ್) ತಮ್ಮ ವ್ಯಾಪಾರದ ಹಣದಿಂದ ಅವರಿಗೆ ನೆರವಾದರು. ಅದೇ ಶಿಷ್ಯರು ಮುಂದೆ ಖಲೀಫಾ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ಖಾಝಿಯಾದರು. ವಝೀರ್ ನಿಝಾಮುಲ್ ಮುಲ್ಕ್ 1067ರಲ್ಲಿ ಬಗ್ದಾದಿನಲ್ಲಿ ತೆರೆದ ನಿಝಾಮಿಯ್ಯಾ, 1234ರಲ್ಲಿ ಅದೇ ನಗರದಲ್ಲಿ ಆರಂಭವಾದ ಮುಸ್ತನ್ಸಿರಿಯ್ಯಾ ಇವೆರಡೂ ವಕ್ಫ್ ಆದಾಯದಿಂದ ನಡೆದವು. ಮುಸ್ತನ್ಸಿರಿಯ್ಯಾದಲ್ಲಿ ನಾಲ್ಕೂ ಮದ್‌ಹಬ್‌ಗಳ ವಿದ್ಯಾರ್ಥಿಗಳಿಗೆ ಆಹಾರ, ವಸತಿಯ ಜೊತೆ ಮಾಸಿಕ ವೇತನವೂ ದೊರೆಯುತ್ತಿತ್ತು. ದೂರವೇಕೆ? ನಮ್ಮದೇ ಬೀದರಿನಲ್ಲಿ ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ ಇಂದಿಗೂ ನಿಂತಿದೆ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದ ಆ ಮಹನೀಯರು ವಿದ್ಯಾರ್ಥಿಗಳ ಊಟ ವಸತಿಗೆ ಏರ್ಪಾಡು ಮಾಡಿದ್ದರು. ಸುಮಾರು 3000 ಹಸ್ತಪ್ರತಿಗಳ ಗ್ರಂಥಾಲಯವನ್ನೂ ಒದಗಿಸಿದ್ದರು. 1696ರ ಸ್ಫೋಟದಲ್ಲಿ ಅದರ ಒಂದು ಭಾಗ ಕುಸಿಯಿತು. ಪ್ರವಾಸಕ್ಕೆ ಹೋಗಿ ಅದರ ಮಿನಾರಿನ ಚಿತ್ರ ತೆಗೆಯುವ ನಾವು, ಅದನ್ನು ನಡೆಸಿದ ದಾನದ ಪದ್ಧತಿಯನ್ನು ಮಾತ್ರ ಅಲ್ಲಿಯೇ ಬಿಟ್ಟು ಬರುತ್ತೇವೆ.

ಇನ್ನು ಕರ್ಮಶಾಸ್ತ್ರದ ಮಾತು. ವಿದ್ವಾಂಸರು ಎರಡು ವಿಷಯಗಳನ್ನು ಬೇರ್ಪಡಿಸಿದ್ದಾರೆ. ಒಂದು ನಫಖಾ, ಅಂದರೆ ಅಗತ್ಯಕ್ಕೆ ತಕ್ಕ ಜೀವನ ನಿರ್ವಹಣೆ. ಮತ್ತೊಂದು ಹಿಬಾ, ಅಂದರೆ ಉಡುಗೊರೆ. ನಫಖಾದಲ್ಲಿ ಸಮಾನತೆಯೆಂದರೆ ಪ್ರತಿಯೊಬ್ಬರ ಅಗತ್ಯವನ್ನು ಪೂರೈಸುವುದು. ಹಾಲು ಕುಡಿಯುವ ಮಗುವಿಗೂ ಪ್ರಾಯದ ಮಗನಿಗೂ ಒಂದೇ ಅಳತೆಯ ಬಟ್ಟೆಯನ್ನು ಯಾರೂ ಹೊಲಿಸುವುದಿಲ್ಲ. ಹಿಬಾದಲ್ಲಾದರೋ ಎಲ್ಲರಿಗೂ ಸಮಾನವಾಗಿ ಕೊಡಬೇಕು. ಹಂಬಲೀ ಮದ್‌ಹಬ್ ಇದನ್ನು ಕಡ್ಡಾಯವೆಂದಿದೆ. ಹನಫಿ ಮತ್ತು ಶಾಫಿಈ ವಿದ್ವಾಂಸರು ಇದನ್ನು ಅಪೇಕ್ಷಣೀಯವೆಂದೂ ಕಾರಣವಿಲ್ಲದ ತಾರತಮ್ಯವನ್ನು ಅನಪೇಕ್ಷಿತವೆಂದೂ ಹೇಳಿದ್ದಾರೆ. ಅಂಗವೈಕಲ್ಯ, ದೊಡ್ಡ ಸಂಸಾರ, ವಿದ್ಯಾರ್ಜನೆ ಮುಂತಾದ ನೈಜ ಕಾರಣವಿದ್ದರೆ ಒಬ್ಬರಿಗೆ ಹೆಚ್ಚು ಕೊಡಬಹುದೆಂಬ ಅಭಿಪ್ರಾಯವನ್ನು ಇಮಾಮ್ ಇಬ್ನು ಖುದಾಮಾ(ರಹ್) ದಾಖಲಿಸಿದ್ದಾರೆ. ವಿದ್ಯಾರ್ಜನೆಯಲ್ಲಿ ನಿರತನಾಗಿ ಸಂಪಾದಿಸಲಾಗದ ಪ್ರಾಯದ ಮಗನ ನಫಖಾ ತಂದೆಯ ಮೇಲಿದೆಯೆಂದು ಹನಫಿ ಗ್ರಂಥಗಳು ಹೇಳುತ್ತವೆ. ಅಲ್ಲಿ ಮುಖ್ಯವಾಗಿ ಧಾರ್ಮಿಕ ವಿದ್ಯೆಯೇ ಉದ್ದೇಶಿತವಾದುದರಿಂದ ಇಂದಿನ ವೃತ್ತಿಶಿಕ್ಷಣದ ಬಗ್ಗೆ ಸ್ಥಳೀಯ ಉಲಮಾಗಳಲ್ಲಿ ವಿಚಾರಿಸಿಯೇ ಮುಂದುವರಿಯಬೇಕು.

ಬಾಯಿಮಾತಿನ ಭರವಸೆಯ ಬಗ್ಗೆಯೂ ಒಂದು ಪಾಠವಿದೆ. ಹಝ್ರತ್ ಅಬೂಬಕ್ಕರ್ ಸಿದ್ದೀಖ್(ರ) ತಮ್ಮ ಪುತ್ರಿ ಹಝ್ರತ್ ಆಯಿಶಾರಿಗೆ(ರ) ತಮ್ಮ ತೋಟದಿಂದ 20 ವಸಕ್ ಖರ್ಜೂರವನ್ನು ಉಡುಗೊರೆಯಾಗಿ ನೀಡಿದ್ದರು. ಆದರೆ ಅವರು ಅದನ್ನು ಇನ್ನೂ ವಶಕ್ಕೆ ಪಡೆದಿರಲಿಲ್ಲ. ಮರಣಶಯ್ಯೆಯಲ್ಲಿ ಖಲೀಫಾರು, ನೀನದನ್ನು ಪಡೆದಿದ್ದರೆ ಅದು ನಿನ್ನದಾಗುತ್ತಿತ್ತು, ಇಂದು ಅದು ವಾರಿಸುದಾರರೆಲ್ಲರ ಸೊತ್ತು ಎಂದು ತಿಳಿಸಿ, ಅಲ್ಲಾಹನ ಗ್ರಂಥದಂತೆ ಹಂಚಲು ಹೇಳಿದರು. ಇಮಾಮ್ ಮಾಲಿಕ್(ರಹ್) ಇದನ್ನು ಮುವತ್ತಾದಲ್ಲಿ ದಾಖಲಿಸಿದ್ದಾರೆ. ‘ಅಪ್ಪ ನನಗೆ ಓದಿಸುತ್ತೇನೆ ಎಂದಿದ್ದರು’ ಎಂಬ ಮಾತಿನಿಂದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ. ಆದುದರಿಂದ ಕೊಡುವುದನ್ನು ಜೀವಂತವಿರುವಾಗಲೇ ಕೊಡಬೇಕು.

ಈ ಎಲ್ಲದರಿಂದ ನಮ್ಮ ಕುಟುಂಬಗಳು ಪಡೆಯಬೇಕಾದ ಪಾಠಗಳು ಸರಳವಾಗಿವೆ. ಪ್ರವೇಶದ ಸಮಯದಲ್ಲಿ ಮಕ್ಕಳೆಲ್ಲರನ್ನೂ, ಹೆಣ್ಣು ಮಕ್ಕಳನ್ನೂ ಕೂರಿಸಿಕೊಂಡು ಮನೆಯ ಆದಾಯವನ್ನು ಮುಂದಿಟ್ಟು ಸಮಾಲೋಚಿಸಬೇಕು. ಒಬ್ಬರಿಗೆ ಹೆಚ್ಚು ಖರ್ಚಾಗುವುದಾದರೆ ಅದರ ಕಾರಣವನ್ನು ಉಳಿದವರಿಗೆ ತಿಳಿಸಬೇಕು. ಹಿರಿಯ ಮಗನು ಕಳುಹಿಸುವ ಹಣವು ಸಾಲವೋ ಕೊಡುಗೆಯೋ ಎಂಬುದನ್ನು ಅಂದೇ ನಿರ್ಧರಿಸಿ, ಸಾಲವಾದರೆ ಬರೆದಿಡಬೇಕು. ಸಾಲವನ್ನು ಬರೆದಿಡುವುದು ಅಲ್‌ಬಖರಾ ಅಧ್ಯಾಯದ 282ನೆಯ ಸೂಕ್ತದ ಆದೇಶ. ತಂದೆಯು ಬದುಕಿರುವಾಗ ಕೊಟ್ಟು ಮುಗಿಸಿದ್ದು ವಾರಸಿನಿಂದ ಕಡಿತವಾಗುವುದಿಲ್ಲ, ಆದರೆ ಬರೆದಿಟ್ಟ ಸಾಲವನ್ನು ಆಸ್ತಿ ಹಂಚುವ ಮೊದಲೇ ತೀರಿಸಬೇಕಾಗುತ್ತದೆ. ಓದದ ಮಗನಿಗೆ ಅಂಗಡಿಗೋ ಕಸುಬಿನ ಉಪಕರಣಕ್ಕೋ ನೆರವಾಗುವುದು ಕೂಡ ನ್ಯಾಯವೇ. ಮದುವೆಯ ಆಡಂಬರಕ್ಕೆಂದು ಕೂಡಿಟ್ಟ ಹಣವು ಮಗಳ ಶುಲ್ಕವಾದರೆ ಆಕೆಗೆ ಅದಕ್ಕಿಂತ ಒಳ್ಳೆಯ ಉಡುಗೊರೆಯಿಲ್ಲ. ಬಡ್ಡಿಯ ಸಾಲಕ್ಕೆ ಕೈಚಾಚುವ ಮೊದಲು ಸರಕಾರದ ವಿದ್ಯಾರ್ಥಿವೇತನಗಳನ್ನೂ ಬಂಧುಗಳ ನೆರವನ್ನೂ ಅರಸಬೇಕು. ಅರ್ಹ ವಿದ್ಯಾರ್ಥಿಗಳಿಗೆ ಝಕಾತ್, ಸದಕಾಗಳ ಪಾಲು ತಲುಪಿಸುವುದು ಜಮಾಅತ್‌ಗಳ ಹೊಣೆ.

ಹಝ್ರತ್ ಬಶೀರ್(ರ) ಕೊಟ್ಟದ್ದನ್ನು ಹಿಂಪಡೆದರೂ ಮಕ್ಕಳನ್ನು ಕಳೆದುಕೊಳ್ಳಲಿಲ್ಲ. ನಾವು ಲಕ್ಷಗಟ್ಟಲೆ ಕೊಟ್ಟೂ ಮಕ್ಕಳನ್ನು ಪರಸ್ಪರ ಕಳೆದುಕೊಳ್ಳುವಂತೆ ಮಾಡಬಾರದು. ನಮ್ಮ ಮಕ್ಕಳಿಗೆ ಪ್ರಯೋಜನಕರವಾದ ವಿದ್ಯೆಯನ್ನೂ ನಮಗೆ ಅವರ ನಡುವೆ ನ್ಯಾಯ ಪಾಲಿಸುವ ಸೌಭಾಗ್ಯವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.