ದಿವಾನರನ್ನು ಕರೆತಂದ ಊರು: ಮೈಸೂರು ಸಂಸ್ಥಾನದ ನೌಕರಿಯ ಕಥೆ

ಮೈಸೂರಿನ ದಿವಾನರ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅವರ ಹುಟ್ಟೂರು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದಾಗ ದಿವಾನರಾದ ಸಿ. ರಂಗಾಚಾರ್ಲು ಚೆಂಗಲ್ಪಟ್ಟಿನ ಕಡೆಯವರು. ಅವರ ನಂತರ 18 ವರ್ಷ ಆ ಹುದ್ದೆಯಲ್ಲಿದ್ದ ಕೆ. ಶೇಷಾದ್ರಿ ಅಯ್ಯರ್ ಪಾಲಕ್ಕಾಡಿನ ಕಡೆಯವರು. ವಿ.ಪಿ. ಮಾಧವರಾವ್ ಕುಂಭಕೋಣದವರು. ಟಿ. ಆನಂದರಾವ್ ಅವರು ತಿರುವಾಂಕೂರು, ಇಂದೂರು, ಬರೋಡಾಗಳಲ್ಲಿ ದಿವಾನಗಿರಿ ಮಾಡಿದ ಟಿ. ಮಾಧವರಾಯರ ಮಗ. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು ಕೂಡ 1909ರಲ್ಲಿ ಮೈಸೂರಿಗೆ ಬರುವ ಹೊತ್ತಿಗೆ ತಮ್ಮ ಸೇವೆಯನ್ನೆಲ್ಲ ಮುಂಬಯಿ ಪ್ರಾಂತದಲ್ಲಿ ಮುಗಿಸಿದ್ದರು. ಈ ಪಟ್ಟಿಯ ಬಗ್ಗೆ ಎರಡು ಮಾತುಗಳು ಬಹಳ ದಿನದಿಂದ ಚಾಲ್ತಿಯಲ್ಲಿವೆ. ಯೋಗ್ಯರು ಎಲ್ಲಿದ್ದರೂ ಹುಡುಕಿ ತಂದ ಮಹಾರಾಜರ ಔದಾರ್ಯವೇ ‘ಮಾದರಿ ಸಂಸ್ಥಾನ’ವನ್ನು ಕಟ್ಟಿತು ಎಂಬುದು ಒಂದು. ಮದ್ರಾಸಿನವರು ಬಂದು ನಮ್ಮ ಮಕ್ಕಳ ಅನ್ನ ಕಿತ್ತುಕೊಂಡರು ಎಂಬುದು ಇನ್ನೊಂದು. ಎರಡೂ ಕಡೆಯವರು ನೋಡುತ್ತಿರುವುದು ಆಯ್ಕೆಯ ಗಳಿಗೆಯನ್ನು ಮಾತ್ರ. ನನ್ನ ಪ್ರಕಾರ ಮೈಸೂರಿನ ಕಸುಬು ಇದ್ದದ್ದು ಆ ಗಳಿಗೆ ಕಳೆದ ಮೇಲೆ: ಬಂದವರಿಗೆ ಎಷ್ಟು ಕಾಲ ಕೊಟ್ಟರು, ಯಾವ ಕೆಲಸ ಒಪ್ಪಿಸಿದರು, ಅವರ ಕೈಕೆಳಗೆ ಯಾರು ಕಲಿತರು ಎಂಬುದರಲ್ಲಿ.

ಹಾಗೆ ನೋಡಿದರೆ ಬುದ್ಧಿವಂತರನ್ನು ಕರೆತರುವುದು ಆಗ ಅಂಥ ಕಷ್ಟದ ಕೆಲಸವಾಗಿರಲಿಲ್ಲ. ಮದ್ರಾಸ್, ಮುಂಬಯಿ ಪ್ರಾಂತಗಳ ಕಾಲೇಜುಗಳಿಂದ ಪದವೀಧರರು ಹೊರಬರುತ್ತಿದ್ದರು. ಅವರು ಬ್ರಿಟಿಷ್ ಸರ್ಕಾರದ ಕಚೇರಿಯಲ್ಲಿ ಒಂದು ಮೆಟ್ಟಿಲವರೆಗೆ ಹತ್ತಬಹುದಿತ್ತು, ಅಲ್ಲಿಂದ ಮೇಲಿನ ಕುರ್ಚಿಗಳೆಲ್ಲ ಹೆಚ್ಚುಕಡಿಮೆ ಬಿಳಿಯರವು. ಡೆಪ್ಯುಟಿ ಕಲೆಕ್ಟರಾಗಿ ಪಿಂಚಣಿ ಪಡೆಯುವುದೇ ದೊಡ್ಡ ಮಾತು. ಇಡೀ ರಾಜ್ಯದ ಆಡಳಿತ ಒಬ್ಬ ಭಾರತೀಯನ ಕೈಗೆ ಸಿಗಬಹುದಾದ ಜಾಗ ದೇಶೀ ಸಂಸ್ಥಾನಗಳು ಮಾತ್ರ. ಹಾಗಾಗಿ ಮೈಸೂರು, ಬರೋಡಾ, ತಿರುವಾಂಕೂರುಗಳ ನಡುವೆ ಸಮರ್ಥ ಅಧಿಕಾರಿಗಳ ಓಡಾಟ ಒಂದು ಪೇಟೆಯ ವ್ಯಾಪಾರದಂತೆಯೇ ನಡೆಯುತ್ತಿತ್ತು. ವಿ.ಪಿ. ಮಾಧವರಾವ್ ಮೈಸೂರಿನ ದಿವಾನರಾಗುವ ಮುಂಚೆ ತಿರುವಾಂಕೂರಿನಲ್ಲಿ, ಆಮೇಲೆ ಬರೋಡಾದಲ್ಲಿ ದಿವಾನರಾಗಿದ್ದರು. ಮಹಾರಾಜರ ಗುಣಗ್ರಾಹಿತ್ವ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಬ್ರಿಟಿಷರು ಮುಚ್ಚಿಟ್ಟ ಬಾಗಿಲೇ ಇವರ ಪಾಲಿಗೆ ಅರ್ಧ ಕೆಲಸ ಮಾಡಿಕೊಟ್ಟಿತ್ತು.

‘ಹೊರಗಿನವರು’ ಎಂಬ ದೂರಿಗೂ ಒಂದು ತಿದ್ದುಪಡಿ ಬೇಕು. ಶೇಷಾದ್ರಿ ಅಯ್ಯರ್ ಮೈಸೂರಿಗೆ ಬಂದದ್ದು 1868ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ. ಆಗ ಸಿಕ್ಕಿದ್ದು ಅಷ್ಟಗ್ರಾಮ ವಿಭಾಗದ ಶಿರಸ್ತೇದಾರಿಕೆ. ಅಲ್ಲಿಂದ ದಿವಾನಗಿರಿಗೆ ಹದಿನೈದು ವರ್ಷ. ಈ ನಡುವೆ ಕಂದಾಯ, ನ್ಯಾಯ, ಜಿಲ್ಲಾಡಳಿತ ಎಲ್ಲವನ್ನೂ ಅವರು ಇಲ್ಲಿಯ ನೆಲದಲ್ಲೇ ಕಲಿತರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗ್ ಕಮಿಷನರ್ ಆಗಿ ದುಡಿದ ವಿ.ಪಿ. ಮಾಧವರಾಯರದೂ ಇದೇ ದಾರಿ. ಹುಟ್ಟಿನಿಂದ ಹೊರಗಿನವರು, ತರಬೇತಿಯಿಂದ ಒಳಗಿನವರು. ಹಾಗೆಂದು ಸ್ಥಳೀಯರ ಅಸಮಾಧಾನ ಬರಿಯ ಹೊಟ್ಟೆಕಿಚ್ಚಾಗಿರಲಿಲ್ಲ. ಮೇಲೆ ಕೂತವರು ತಮ್ಮ ಕಡೆಯವರನ್ನು ಕರೆದು ಕೂರಿಸಿಕೊಳ್ಳುವುದು ಯಾವ ಕಚೇರಿಗೂ ಹೊಸದಲ್ಲ, ಆ ಕಾಲದ ಮೈಸೂರಿಗಂತೂ ಅಲ್ಲವೇ ಅಲ್ಲ. ಎಂ. ವೆಂಕಟಕೃಷ್ಣಯ್ಯನವರಂಥ ಪತ್ರಕರ್ತರ ಬರಹದಲ್ಲಿ, ದಸರೆಯ ಪ್ರಜಾಪ್ರತಿನಿಧಿ ಸಭೆಯಲ್ಲಿ ಈ ದೂರು ಮತ್ತೆ ಮತ್ತೆ ಎದ್ದಿತು. 1891ರಲ್ಲಿ ಶೇಷಾದ್ರಿ ಅಯ್ಯರ್ ಕಾಲದಲ್ಲೇ ಶುರುವಾದ ಮೈಸೂರು ಸಿವಿಲ್ ಸರ್ವೀಸ್ ಪರೀಕ್ಷೆ ಶಿಫಾರಸಿನ ಜಾಗದಲ್ಲಿ ಅಂಕಗಳನ್ನು ತಂದಿತು. ಅಂಕ ತರಬಲ್ಲ ಮನೆಗಳು ಯಾವುವು ಎಂಬ ಪ್ರಶ್ನೆಯನ್ನು ಅದು ಮುಟ್ಟಲಿಲ್ಲ. ಆ ಪ್ರಶ್ನೆ ಎದ್ದು ನಿಲ್ಲಲು ಇನ್ನೂ ಕಾಲು ಶತಮಾನ ಹಿಡಿಯಿತು.

ಹುದ್ದೆಗೆ ಬಂದವರು ಬೇರೂರಿದ್ದು ಹೇಗೆಂದು ತಿಳಿಯಲು ದಿವಾನರನ್ನು ಬಿಟ್ಟು ಇಲಾಖೆಗಳ ಕಡೆ ತಿರುಗಬೇಕು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಸಸ್ಯರೋಗ ಮತ್ತು ಕೀಟಗಳ ತಜ್ಞನಾಗಿ ಮೈಸೂರಿಗೆ ಬಂದರು. ಮಲೆನಾಡಿನ ಅಡಿಕೆ ತೋಟಗಳನ್ನು ಆಗ ಕೊಳೆರೋಗ ತಿನ್ನುತ್ತಿತ್ತು. ಮಳೆ ಹಿಡಿದ ಮೇಲೆ ಎಳೆಯ ಕಾಯಿ ನೀರು ನೀರಾಗಿ ಕೊಳೆತು ಉದುರುತ್ತಿತ್ತು. ಬೆಳೆಗಾರರಿಗೆ ಗೊತ್ತಿದ್ದ ಉಪಾಯವೆಂದರೆ ಮಳೆಗಾಲಕ್ಕೆ ಮೊದಲು ಮರ ಹತ್ತಿ ಒಂದೊಂದು ಗೊನೆಗೂ ಕೊಟ್ಟೆ ಕಟ್ಟುವುದು. ಗೊನೆ ನೆನೆಯದಂತೆ ಹೊದಿಸುವ ಈ ಕೊಟ್ಟೆ ಬುದ್ಧಿವಂತಿಕೆಯದೇ, ಆದರೆ ಆಳು ಹೆಚ್ಚು ಬೇಡುವ ಕೆಲಸ. ಕೋಲ್ಮನ್ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯಿಸಿದರು. ಮಲೆನಾಡಿನ ಮಳೆಗೆ ಅದು ತೊಳೆದುಹೋಗದಂತೆ ರಾಳದ ಅಂಟು ಸೇರಿಸಿದರು. ಮರ ಹತ್ತುವ ಕೊನೆಗಾರನ ಕೈಗೆ ಪಿಚಕಾರಿ ಬಂತು. ಒಂದು ಮಳೆಗಾಲದ ಪ್ರಯೋಗದಲ್ಲಿ ಮುಗಿಯುವ ಕೆಲಸವಲ್ಲ ಇದು. ದ್ರಾವಣ ಸರಿಯೆಂದು ತೋರಬೇಕು, ತೋಟದವರು ನಂಬಬೇಕು, ಪ್ರತಿ ವರ್ಷ ಹೊಡೆಯುವ ರೂಢಿ ಬೀಳಬೇಕು. ಎರಡು ಮೂರು ವರ್ಷದ ಕರಾರಿನ ಮೇಲೆ ಬಂದ ತಜ್ಞ ವರದಿ ಬರೆದು ಹೊರಡುತ್ತಿದ್ದ. ಕೋಲ್ಮನ್ ಕೃಷಿ ಇಲಾಖೆಯ ಮುಖ್ಯಸ್ಥರಾದರು, ಹೆಬ್ಬಾಳದ ಕೃಷಿ ಶಾಲೆಗೆ ತಳಪಾಯ ಹಾಕಿದರು, ಮಂಡ್ಯದ ಕಬ್ಬಿನವರೆಗೆ ಕೈ ಚಾಚಿದರು. 1934ರಲ್ಲಿ ಅವರು ನಿವೃತ್ತರಾಗುವ ಮೊದಲೇ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತ್ತು. ಇಂದಿಗೂ ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಔಷಧಿ ಹೊಡೆಯಲು ಕೊನೆಗಾರರಿಗಾಗಿ ಪರದಾಟ ಶುರುವಾಗುತ್ತದೆ.

ಲಾಲ್‌ಬಾಗಿನ ಕಥೆ ಇದಕ್ಕೆ ಪೂರಕ. ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದಲ್ಲಿ ಕೆಲಸ ಮಾಡಿದ್ದ ಜರ್ಮನಿಯ ಜಿ.ಎಚ್. ಕೃಂಬಿಗಲ್ ಕೂಡ 1908ರಲ್ಲೇ ಮೈಸೂರು ಸೇರಿ 1932ರವರೆಗೆ ಇದ್ದರು. ಆಮೇಲೆ ಆ ಜಾಗಕ್ಕೆ ಇನ್ನೊಬ್ಬ ಯುರೋಪಿನವರು ಬರಲಿಲ್ಲ. ಇಲಾಖೆಯಲ್ಲೇ ಬೆಳೆದ ಎಚ್.ಸಿ. ಜವರಾಯ ಬಂದರು, ಅವರ ತರುವಾಯ ಎಂ.ಎಚ್. ಮರಿಗೌಡ. ಗಂಧದೆಣ್ಣೆ ಮತ್ತು ಸಾಬೂನಿನ ವಿಷಯದಲ್ಲಿ ಸಂಸ್ಥಾನ ಇನ್ನೊಂದು ದಾರಿ ಹಿಡಿಯಿತು. ಮೊದಲ ಮಹಾಯುದ್ಧದಿಂದ ಗಂಧದ ಮರಕ್ಕೆ ಯುರೋಪಿನ ಗಿರಾಕಿ ತಪ್ಪಿದಾಗ ಬೆಂಗಳೂರಿನ ವಿಜ್ಞಾನ ಸಂಸ್ಥೆಯ ರಸಾಯನ ತಜ್ಞರ ನೆರವಿನಿಂದ ಎಣ್ಣೆ ಇಳಿಸುವುದು ಇಲ್ಲೇ ಶುರುವಾಯಿತು. ಸಾಬೂನು ತಯಾರಿಕೆ ಕಲಿಯಲು ಎಸ್.ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. ಅವರು ಮರಳಿ ಬಂದು ಕಾರ್ಖಾನೆ ನಡೆಸಿದರು. ಹೊರಗಿನವರನ್ನು ತಂದು ಒಳಗಿನವರನ್ನು ತಯಾರಿಸುವುದು, ಒಳಗಿನವರನ್ನು ಹೊರಗೆ ಕಳಿಸಿ ತಿರುಗಿ ಕರೆಸಿಕೊಳ್ಳುವುದು ಎರಡಕ್ಕೂ ಬೇಕಾದ್ದು ಒಂದೇ: ಕಲಿತು ಬಂದವನಿಗೆ ಕೈತುಂಬ ಕೆಲಸ ಕಾದಿರಬೇಕು. ಆ ಕೆಲಸ ಇಲ್ಲದಿದ್ದರೆ ಸಂಬಳ ಎಷ್ಟಿದ್ದರೂ ಸಾಲದು.

ಇದಕ್ಕೆ ಒಂದು ಆಕ್ಷೇಪ ಬರಬಹುದು. 1918ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದ ಎಸ್. ರಾಧಾಕೃಷ್ಣನ್ 1921ರಲ್ಲೇ ಕಲ್ಕತ್ತೆಗೆ ಹೋದರಲ್ಲ? ಅವರಿಗೆ ಇಲ್ಲಿ ಕೆಲಸವೂ ಇತ್ತು, ಗೌರವವೂ ಇತ್ತು. ವಿದ್ಯಾರ್ಥಿಗಳು ಅವರ ಗಾಡಿಯ ಕುದುರೆ ಬಿಚ್ಚಿ ತಾವೇ ರೈಲ್ವೆ ನಿಲ್ದಾಣಕ್ಕೆ ಎಳೆದರೆಂಬ ಕಥೆ ಎಲ್ಲರಿಗೂ ಗೊತ್ತು. ನಿಜ, ಆದರೆ ತತ್ವಶಾಸ್ತ್ರದ ಪ್ರಾಧ್ಯಾಪಕನಿಗೆ ಆಗ ದೇಶದಲ್ಲಿದ್ದ ಅತಿ ಎತ್ತರದ ಪೀಠ ಕಲ್ಕತ್ತೆಯ ಐದನೆಯ ಜಾರ್ಜ್ ಪೀಠ. ಐದು ವರ್ಷದ ಹಸುಗೂಸಾಗಿದ್ದ ವಿಶ್ವವಿದ್ಯಾನಿಲಯ ಅದರ ಜೊತೆ ಸ್ಪರ್ಧಿಸುವುದು ಸಾಧ್ಯವೇ ಇರಲಿಲ್ಲ. ಅದೇ ಹೊತ್ತಿಗೆ ಕಲ್ಕತ್ತೆಯಿಂದ ಬ್ರಜೇಂದ್ರನಾಥ ಸೀಲ್ ಮೈಸೂರಿನ ಕುಲಪತಿಯಾಗಿ ಬಂದರು, ಎಂ. ಹಿರಿಯಣ್ಣನವರು ಇಲ್ಲೇ ಉಳಿದರು. ಹೋದವರ ಹೆಸರು ದೊಡ್ಡದಾದಾಗ ಉಳಿದವರು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಈಗ ಎಲ್ಲಕ್ಕಿಂತ ಬಿಸಿಯಾದ ಪ್ರಕರಣ. ಮುಖ್ಯ ಇಂಜಿನಿಯರ್ ಹುದ್ದೆಗೆ ಕರೆ ಬಂದಾಗ ವಿಶ್ವೇಶ್ವರಯ್ಯ ತಕ್ಷಣ ಹೂಂ ಎನ್ನಲಿಲ್ಲ. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಅವಕಾಶ ಸಿಗುವುದೇ ಎಂದು ಮೊದಲು ಕೇಳಿ, ಆ ಭರವಸೆ ಸಿಕ್ಕ ಮೇಲೆ ಬಂದರು. ಕೆಲಸ ಹುಡುಕುವವನು ಕೆಲಸ ಕೊಡುವವನನ್ನು ಪರೀಕ್ಷಿಸಿದ್ದು ಇದು. 1912ರಲ್ಲಿ ದಿವಾನರಾದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಬಂದವು. ಅದೇ ವರ್ಷ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಬ್ರಾಹ್ಮಣೇತರ ಮುಖಂಡರ ಮನವಿಯ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಜನಸಂಖ್ಯೆಯಲ್ಲಿ ಶೇ. 4ನ್ನೂ ಮುಟ್ಟದ ಬ್ರಾಹ್ಮಣರು ಗೆಜೆಟೆಡ್ ಹುದ್ದೆಗಳಲ್ಲಿ ಮೂರನೇ ಎರಡು ಭಾಗದಷ್ಟಿದ್ದ ಕಾಲವದು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು, ದಲಿತ ಸಮುದಾಯದ ಅರ್ಹರಿಗೆ ಆದ್ಯತೆ ಇರಬೇಕು ಎಂದು ಸಮಿತಿ ಹೇಳಿತು. 1921ರಲ್ಲಿ ಸರ್ಕಾರಿ ಆದೇಶವಾಯಿತು. ವಿಶ್ವೇಶ್ವರಯ್ಯ ಅಷ್ಟರಲ್ಲಿ, 1918ರ ಕೊನೆಗೇ, ಹುದ್ದೆ ಬಿಟ್ಟಿದ್ದರು.

ಈ ಹಂಚಿಕೆಯ ವಿರುದ್ಧ ವಿಶ್ವೇಶ್ವರಯ್ಯನವರ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಮೊದಲು ವಿದ್ಯೆ ಹರಡಲಿ, ಯೋಗ್ಯತೆ ತಾನಾಗಿ ಮೇಲೆ ಬರುತ್ತದೆ, ಅದಕ್ಕೆ ಮುಂಚೆ ಪಾಲು ಹಂಚಿದರೆ ಆಡಳಿತದ ದಕ್ಷತೆ ಕೆಡುತ್ತದೆ ಎಂಬುದು ಅವರ ನಿಲುವು. ಪ್ರಾಥಮಿಕ ಶಿಕ್ಷಣಕ್ಕೆ ಅವರು ದುಡಿದದ್ದೂ ನಿಜ. ಆದರೆ ಈ ವಾದ ಮೈಸೂರಿನ ಸ್ವಂತ ಅನುಭವಕ್ಕೇ ಹೊಂದುವುದಿಲ್ಲ. ಶೇಷಾದ್ರಿ ಅಯ್ಯರ್ ಅವರನ್ನು ದಿವಾನಗಿರಿಗೆ ಅಣಿಗೊಳಿಸಿದ್ದು ಹದಿನೈದು ವರ್ಷದ ಕಚೇರಿ ಕೆಲಸ, ಜವರಾಯರನ್ನು ತಯಾರಿಸಿದ್ದು ಲಾಲ್‌ಬಾಗ್. ಯೋಗ್ಯತೆಯ ದೊಡ್ಡ ಪಾಲು ಹುದ್ದೆಯ ಒಳಗೇ ಬೆಳೆಯುವುದಾದರೆ, ಒಳಗೆ ಬರಲು ಬಿಡದೆ ಯೋಗ್ಯತೆ ಬರಲಿ ಎಂದು ಕಾಯುವುದು ಹೇಗೆ? ಒಕ್ಕಲಿಗರ ಸಂಘ, ಲಿಂಗಾಯತ ವಿದ್ಯಾನಿಧಿಗಳು 1905–06ರಿಂದಲೇ ಹಳ್ಳಿಯ ಹುಡುಗರ ಓದಿಗೆ ನೆರವಾಗಲು ಮುಂದೆ ಬಂದಿದ್ದವು, ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಆದಿಕರ್ನಾಟಕರ ಮಕ್ಕಳಿಗೆ ಹಾಸ್ಟೆಲ್ ನಡೆಸುತ್ತಿದ್ದರು. ಓದಿದ ಹುಡುಗ ಹೋಗಿ ಸೇರುವ ಕಚೇರಿಯೇ ಇಲ್ಲದಿದ್ದರೆ ಅವನ ತಮ್ಮನನ್ನು ಯಾವ ತಂದೆ ಶಾಲೆಗೆ ಕಳಿಸಿಯಾನು?

ದಕ್ಷತೆ ಕೆಟ್ಟಿತೇ ಎಂಬ ಪ್ರಶ್ನೆಗೆ, 1921ರ ನಂತರವೂ ಭದ್ರಾವತಿಯ ಕಬ್ಬಿಣ, ಮಂಡ್ಯದ ಸಕ್ಕರೆ, ಕೃಷ್ಣರಾಜಸಾಗರದ ಮುಕ್ತಾಯ, 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಎಲ್ಲ ಬಂದವಲ್ಲ ಎಂದು ಉತ್ತರಿಸುವವರಿದ್ದಾರೆ. ಆ ಉತ್ತರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಯೋಜನೆಗಳಲ್ಲಿ ದುಡಿದವರಲ್ಲಿ ಹಲವರು ಹಳೆಯ ನೇಮಕಾತಿಯವರು, ಮತ್ತು ಏಳು ವರ್ಷದ ಗುರಿ ಏಳು ವರ್ಷದಲ್ಲಿ ಈಡೇರಲೂ ಇಲ್ಲ. ಆದ್ದರಿಂದ ಆ ಭಯ ನಿಜವಾಯಿತೆಂದು ಹೇಳಲು ಎಷ್ಟು ಆಧಾರವಿಲ್ಲವೋ ಸುಳ್ಳಾಯಿತೆಂದು ಹೇಳಲೂ ಅಷ್ಟೇ. ಇದಕ್ಕಿಂತ ಗಟ್ಟಿಯಾದ ಸಾಕ್ಷಿ ವಿಶ್ವೇಶ್ವರಯ್ಯನವರ ನಡೆಯಲ್ಲೇ ಇದೆ. ಭದ್ರಾವತಿಯ ಕಾರ್ಖಾನೆ ನಷ್ಟದಲ್ಲಿ ಮುಳುಗುತ್ತಿದ್ದಾಗ, 1923ರಲ್ಲಿ, ಅವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಮರಳಿ ಬಂದರು. ವಿದೇಶಿ ತಜ್ಞರ ಜಾಗದಲ್ಲಿ ಇಲ್ಲಿಯವರನ್ನು ತಯಾರು ಮಾಡಿ ಕೂರಿಸಿದರು. ಆ ದುಡಿಮೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಕಸುಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು ಹಾಗೆ. ನೀತಿಯಲ್ಲಿ ಭಿನ್ನಾಭಿಪ್ರಾಯವಿದ್ದ ಮನುಷ್ಯನಿಗೆ ಅವನ ಕೈಗೆ ಒಗ್ಗುವ ಕೆಲಸ ಕೊಟ್ಟು ಮರಳಿ ಕರೆದದ್ದು ಮಹಾರಾಜರ ಆಡಳಿತದ ನಾಜೂಕು.

ಈ ನಾಜೂಕು ಎಲ್ಲ ಕಡೆ ಕೆಲಸ ಮಾಡಲಿಲ್ಲ. ತೋಟ, ಕಾರ್ಖಾನೆ, ಪ್ರಯೋಗಶಾಲೆಗಳಲ್ಲಿ ಒಬ್ಬೊಬ್ಬರಿಗೂ ಅವರದೇ ಒಂದು ರಾಜ್ಯ ಕಟ್ಟಿಕೊಡಬಹುದಿತ್ತು. ಸಾಮಾನ್ಯ ಆಡಳಿತದಲ್ಲಿ ಏಣಿ ಮೇಲೆ ಹೋದಷ್ಟೂ ಕಿರಿದು. ಸಿವಿಲ್ ಸರ್ವೀಸಿಗೆ ಸೇರಿ ತಾಲ್ಲೂಕು, ಸಬ್‌ಡಿವಿಜನ್‌ಗಳ ದೂಳು ತಿಂದು ಹತ್ತಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್, ತಮಗಿಂತ ಕಿರಿಯರನ್ನು ಮೇಲಿನ ಹುದ್ದೆಗೆ ಏರಿಸಿದಾಗ, 1940ರ ದಶಕದಲ್ಲಿ ಅವಧಿಗೆ ಮುನ್ನವೇ ರಾಜೀನಾಮೆ ಕೊಟ್ಟು ಹೊರನಡೆದರು. ಕನ್ನಡಕ್ಕೆ ಅದರಿಂದ ಲಾಭವೇ ಆಯಿತೆನ್ನಿ. ಮಹಾರಾಜರ ಸಹಪಾಠಿಯಾಗಿ ಬೆಳೆದು, 1905ರಲ್ಲಿ ಸೇವೆಗೆ ಸೇರಿ, 1926ರಿಂದ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಪೂರ್ತಿ ಮೈಸೂರಿನ ಫಸಲು. ನಾಲ್ವಡಿಯವರು ತೀರಿಕೊಂಡ ಮರುವರ್ಷ, 1941ರಲ್ಲಿ, ಹೊಸ ಮಹಾರಾಜರೊಡನೆ ಹೊಂದಾಣಿಕೆಯಾಗದೆ ಅವರು ಹುದ್ದೆ ಬಿಟ್ಟರು. ಅವರನ್ನು ಜೈಪುರದವರು ಕರೆದುಕೊಂಡರು, ಆಮೇಲೆ ಹೈದರಾಬಾದಿನವರು. ಒಂದು ಕಾಲಕ್ಕೆ ಬೇರೆಡೆಯಿಂದ ದಿವಾನರನ್ನು ತರುತ್ತಿದ್ದ ಊರಿನಿಂದ ಈಗ ದಿವಾನರು ಬೇರೆಡೆಗೆ ಹೋಗುತ್ತಿದ್ದರು.